ಕಿರಿಯರ ಗೆಲುವು, ಹಿರಿಯರ ಸೋಲು: ಭಾರತದ ಫುಟ್‌ಬಾಲ್‌ನಲ್ಲಿ ಭರವಸೆ ಎಲ್ಲಿದೆ?

2025ರ ನವೆಂಬರ್ ತಿಂಗಳೊಂದರಲ್ಲೇ ಭಾರತದ ಫುಟ್‌ಬಾಲ್ ತನ್ನ ಎರಡು ಮುಖಗಳನ್ನೂ ತೋರಿಸಿತು. 18ರಂದು ಢಾಕಾದಲ್ಲಿ ನಡೆದ ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಹಿರಿಯರ ತಂಡ ಬಾಂಗ್ಲಾದೇಶಕ್ಕೆ 0-1ರಿಂದ ಮಣಿಯಿತು. ಆ ದೇಶದೆದುರು ಭಾರತ ಸೋಲು ಕಂಡು 22 ವರ್ಷಗಳಾಗಿದ್ದವು. ಹನ್ನೆರಡು ದಿನಗಳ ನಂತರ, 30ರಂದು, ಅಹಮದಾಬಾದಿನಲ್ಲಿ 17 ವರ್ಷದೊಳಗಿನ ನಮ್ಮ ಬಾಲಕರು ಇರಾನ್ ತಂಡವನ್ನು 2-1ರಿಂದ ಸೋಲಿಸಿ, 2026ರಲ್ಲಿ ಸೌದಿ ಅರೇಬಿಯಾದಲ್ಲಿ ನಡೆಯಲಿದ್ದ ತಮ್ಮ ವಯೋಮಿತಿಯ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ ಮೊದಲು ಗೋಲು ಬಿಟ್ಟುಕೊಟ್ಟು, ಮತ್ತೆ ಚೇತರಿಸಿಕೊಂಡು ಪಡೆದ ಜಯ ಅದು. ಎದುರಾಳಿಯೂ ಸಾಮಾನ್ಯವಾದುದಲ್ಲ, ಹಿರಿಯರ ಮಟ್ಟದಲ್ಲಿ ವಿಶ್ವಕಪ್‌ಗೆ ಮತ್ತೆ ಮತ್ತೆ ಹೋಗುವ ದೇಶ ಇರಾನ್.

ಈ ಎರಡು ಫಲಿತಾಂಶಗಳಲ್ಲಿ ಯಾವುದನ್ನು ನಂಬಬೇಕು? ಹಿರಿಯರ ಸೋಲು ಇಂದಿನ ಸ್ಥಿತಿ, ಕಿರಿಯರ ಗೆಲುವು ನಾಳಿನ ಭವಿಷ್ಯ ಎಂದು ಹೇಳಿಬಿಡುವುದು ಸುಲಭ. ಅಹಮದಾಬಾದಿನ ಪಂದ್ಯದ ನಂತರ ಅನೇಕರು ಹೇಳಿದ್ದೂ ಅದನ್ನೇ. ಆದರೆ ಇಂಥ ಮಾತನ್ನು ನಾವು ಈ ಹಿಂದೆಯೂ ಕೇಳಿದ್ದೇವೆ. ಆಗ ಏನಾಯಿತು ಎಂಬುದನ್ನು ನೋಡದೆ ಈಗಿನ ಭರವಸೆಯ ತೂಕ ಹೇಳಲಾಗದು.

ನಮ್ಮ ಓದುಗರಿಗೆ ಇದು ಕೇವಲ ಕ್ರೀಡಾಪುಟದ ಚರ್ಚೆಯಲ್ಲ. ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು ಭಾಗದ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಲ್ಲಿ ಚೆಂಡಿನ ಹಿಂದೆ ಮನಸ್ಸು ನೆಟ್ಟವರಿದ್ದಾರೆ. ಕಿರಿಯರ ಗೆಲುವನ್ನು ಮೊಬೈಲಿನಲ್ಲಿ ನೋಡಿದ ಮಗು ತಾನೂ ಅಕಾಡೆಮಿಗೆ ಸೇರುತ್ತೇನೆಂದು ಹಟ ಹಿಡಿದರೆ ತಾಯ್ತಂದೆಯರು ಏನು ಉತ್ತರಿಸಬೇಕು? ಹುಸಿ ಆಸೆ ತೋರಿಸುವುದೂ ತಪ್ಪು, ಮೊಳಕೆಯಲ್ಲೇ ಚಿವುಟುವುದೂ ತಪ್ಪು. ಉತ್ತರ ಹೇಳಲು ದೇಶದ ಫುಟ್‌ಬಾಲ್ ಎಲ್ಲಿ ನಿಂತಿದೆ ಎಂಬ ಅರಿವು ಬೇಕು.

ಹಿರಿಯರ ತಂಡ ಇಳಿದ ಬಗೆ

2023ರ ಜುಲೈನಲ್ಲಿ ಭಾರತ ಫಿಫಾ ರ‍್ಯಾಂಕಿಂಗ್‌ನಲ್ಲಿ 99ನೇ ಸ್ಥಾನದಲ್ಲಿತ್ತು. 2025ರ ನವೆಂಬರ್‌ನಲ್ಲಿ ಅದು 142ಕ್ಕೆ ಕುಸಿಯಿತು. ಎರಡೂವರೆ ವರ್ಷಕ್ಕೂ ಕಡಿಮೆ ಅವಧಿಯಲ್ಲಿ 43 ಸ್ಥಾನಗಳ ಇಳಿತ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ ಮತ್ತು ಸಿರಿಯಾ ಎದುರು ಆಡಿದ ಮೂರೂ ಪಂದ್ಯಗಳಲ್ಲಿ ಭಾರತ ಸೋತಿತು. ಆರು ಗೋಲು ಬಿಟ್ಟುಕೊಟ್ಟು ಒಂದನ್ನೂ ಹೊಡೆಯಲಿಲ್ಲ. ಆ ಇಡೀ ವರ್ಷ ನಮ್ಮ ತಂಡ ಒಂದು ಅಂತರರಾಷ್ಟ್ರೀಯ ಪಂದ್ಯವನ್ನೂ ಗೆಲ್ಲಲಿಲ್ಲ.

ತರಬೇತುದಾರರು ಬದಲಾದರು. ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್ ಅವರನ್ನು 2024ರ ಜೂನ್‌ನಲ್ಲಿ ಹುದ್ದೆಯಿಂದ ತೆಗೆಯಲಾಯಿತು. ಅವರ ಸ್ಥಾನಕ್ಕೆ ಬಂದ ಸ್ಪೇನ್‌ನ ಮನೋಲೊ ಮಾರ್ಕೆಜ್ ಒಂದು ವರ್ಷ ಕಳೆಯುವಷ್ಟರಲ್ಲಿ ನಿರ್ಗಮಿಸಿದರು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಹೊಣೆ ಹೊತ್ತರು. ಹದಿಮೂರು ವರ್ಷಗಳ ಬಳಿಕ ಭಾರತೀಯರೊಬ್ಬರಿಗೆ ಈ ಹುದ್ದೆ ದೊರೆಯಿತು. ಅವರ ಮೊದಲ ಪಂದ್ಯಾವಳಿಯಲ್ಲಿ ತಂಡ ತಜಿಕಿಸ್ತಾನವನ್ನು 2-1ರಿಂದ ಸೋಲಿಸಿತು, ಒಮಾನ್ ಎದುರು ಪೆನಾಲ್ಟಿಗಳಲ್ಲಿ ಗೆದ್ದು ಮೂರನೇ ಸ್ಥಾನ ಪಡೆಯಿತು. ಆದರೆ ಅಕ್ಟೋಬರ್ 14ರಂದು ಮಡಗಾವಿನಲ್ಲಿ, ತವರಿನ ಪ್ರೇಕ್ಷಕರ ಎದುರು, ಸಿಂಗಪುರಕ್ಕೆ 1-2ರಿಂದ ಸೋತಾಗ 2027ರ ಏಷ್ಯಾ ಕಪ್‌ನ ಬಾಗಿಲು ಮುಚ್ಚಿತು. ಢಾಕಾದ ಸೋಲು ಅದಾದ ಮೇಲೆ ಬಂದದ್ದು.

ತರಬೇತುದಾರ ಬದಲಾದಾಗಲೂ ಫಲ ಬದಲಾಗದಿದ್ದರೆ ದೋಷ ಬೇರಿನಲ್ಲಿದೆ ಎಂದೇ ಅರ್ಥ. 2024ರ ಜೂನ್‌ನಲ್ಲಿ ವಿದಾಯ ಹೇಳಿದ್ದ ಸುನಿಲ್ ಛೆಟ್ರಿಯವರನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆತರಬೇಕಾಯಿತು. ಆಗ ಅವರಿಗೆ ನಲವತ್ತು ವರ್ಷ. ಬೆಂಗಳೂರು ಎಫ್‌ಸಿ ಪರ 2024-25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ 14 ಗೋಲು ಹೊಡೆದು, ಭಾರತೀಯ ಆಟಗಾರರ ಪೈಕಿ ಅತಿ ಹೆಚ್ಚು ಗೋಲು ಗಳಿಸಿದವರೂ ಅವರೇ. ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ಅವರ ಆಟ ನೋಡಿದ ನಮ್ಮ ಭಾಗದವರಿಗೆ ಇದು ಅಭಿಮಾನದ ಸಂಗತಿಯೇ. ಆದರೆ ಇಷ್ಟು ದೊಡ್ಡ ದೇಶದಲ್ಲಿ ನಲವತ್ತರ ಆಟಗಾರನಷ್ಟು ಗೋಲು ಹೊಡೆಯುವ ಇಪ್ಪತ್ತೈದರ ಯುವಕನೊಬ್ಬ ಸಿಗಲಿಲ್ಲವೆಂದರೆ, ಅದು ಛೆಟ್ರಿಯವರ ಶ್ರೇಷ್ಠತೆಯ ಜೊತೆಗೆ ಅವರ ಹಿಂದೆ ಉಳಿದ ಖಾಲಿ ಜಾಗವನ್ನೂ ತೋರಿಸುತ್ತದೆ.

ಹಳೆಯ ಕೀರ್ತಿಯ ನೆನಪು

ಈ ದೇಶಕ್ಕೆ ಫುಟ್‌ಬಾಲ್ ಒಗ್ಗುವುದಿಲ್ಲ ಎನ್ನುವವರಿಗೆ ಇತಿಹಾಸವೇ ಉತ್ತರ. 1951ರಲ್ಲಿ ದೆಹಲಿಯಲ್ಲೂ 1962ರಲ್ಲಿ ಜಕಾರ್ತಾದಲ್ಲೂ ಭಾರತ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಿತ್ತು. ಆ ತಲೆಮಾರಿನಲ್ಲಿ ನಮ್ಮ ನೆರೆಯ ಬೆಂಗಳೂರಿನ ಪಾಲೂ ದೊಡ್ಡದು. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಭಿಮಾನಿಗಳು ‘ಪಂಚ ಪಾಂಡವರು’ ಎಂದು ಕರೆದ ಐವರು ಮುನ್ಪಡೆ ಆಟಗಾರರಲ್ಲಿ ಅವರೂ ಒಬ್ಬರು. ಮೈಸೂರು ತಂಡ 1946-47ರಲ್ಲಿ ಮೊದಲ ಬಾರಿಗೆ ಸಂತೋಷ್ ಟ್ರೋಫಿ ಗೆದ್ದು, 1968-69ರ ವೇಳೆಗೆ ನಾಲ್ಕು ಬಾರಿ ಆ ಪ್ರಶಸ್ತಿ ಪಡೆದಿತ್ತು. ಮುಂದಿನ ಗೆಲುವಿಗೆ 54 ವರ್ಷ ಕಾಯಬೇಕಾಯಿತು: 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು.

ಆ 54 ವರ್ಷಗಳಲ್ಲಿ ಕರ್ನಾಟಕದಲ್ಲಿ ಒಳ್ಳೆಯ ಹುಡುಗರು ಹುಟ್ಟಲಿಲ್ಲವೆಂದು ಯಾರೂ ಹೇಳಲಾರರು. ಪ್ರತಿಭೆ ಇರುವುದೇ ಬೇರೆ, ಅದು ತಂಡವಾಗಿ ಫಲಿಸುವುದೇ ಬೇರೆ. ರಾಜ್ಯಕ್ಕೆ ಸಲ್ಲುವ ಈ ಮಾತು ದೇಶಕ್ಕೂ ಸಲ್ಲುತ್ತದೆ.

ಕಿರಿಯರ ಸಾಧನೆ ನಿಜವೇ?

ನಿಜವೇ. ಅದನ್ನು ಅಲ್ಲಗಳೆಯಲು ನಾವು ಹೊರಟಿಲ್ಲ. 2025ರ ಮೇ ತಿಂಗಳಲ್ಲಿ ಅರುಣಾಚಲ ಪ್ರದೇಶದಲ್ಲಿ ನಡೆದ 19 ವರ್ಷದೊಳಗಿನವರ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ ಭಾರತದ್ದಾಯಿತು. ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ 17 ವರ್ಷದೊಳಗಿನವರ ಪ್ರಶಸ್ತಿಯೂ ನಮ್ಮದಾಯಿತು. ಎರಡೂ ಫೈನಲ್‌ಗಳಲ್ಲಿ ಸೋತದ್ದು ಬಾಂಗ್ಲಾದೇಶ. ಅದೇ ತಿಂಗಳು ದೋಹಾದಲ್ಲಿ 23 ವರ್ಷದೊಳಗಿನವರು ಬಹ್ರೈನ್ ತಂಡವನ್ನು 2-0ರಿಂದ, ಬ್ರೂನೈಯನ್ನು 6-0ಯಿಂದ ಸೋಲಿಸಿದರು. ಕತಾರ್ ಎದುರಿನ 1-2ರ ಸೋಲಿನಿಂದಾಗಿ ಏಷ್ಯಾ ಕಪ್ ಅರ್ಹತೆ ಸ್ವಲ್ಪದರಲ್ಲಿ ತಪ್ಪಿತು.

ಬಾಲಕಿಯರ ಹಾಗೂ ಮಹಿಳೆಯರ ಸಾಧನೆ ಇದಕ್ಕಿಂತಲೂ ಮಿಗಿಲಾದುದು. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಆತಿಥೇಯರನ್ನು 2-1ರಿಂದ ಸೋಲಿಸಿದ ಹಿರಿಯರ ಮಹಿಳಾ ತಂಡ, 2026ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ನಿಗದಿಯಾಗಿದ್ದ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಆಗಸ್ಟ್‌ನಲ್ಲಿ 20 ವರ್ಷದೊಳಗಿನವರು ಮ್ಯಾನ್ಮಾರ್ ತಂಡವನ್ನು ಅದರ ನೆಲದಲ್ಲೇ ಮಣಿಸಿ, ಎರಡು ದಶಕಗಳ ಬಳಿಕ ತಮ್ಮ ಏಷ್ಯಾ ಕಪ್‌ಗೆ ಪ್ರವೇಶ ಗಳಿಸಿದರು. ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನ ಬಾಲಕಿಯರು ಉಜ್ಬೇಕಿಸ್ತಾನವನ್ನು 2-1ರಿಂದ ಸೋಲಿಸಿ ಅದೇ ಹಾದಿ ಹಿಡಿದರು. ಒಂದೇ ವರ್ಷದಲ್ಲಿ ಮೂರು ಮಹಿಳಾ ತಂಡಗಳು ಏಷ್ಯಾ ಮಟ್ಟಕ್ಕೆ ಏರಿದ ಸುದ್ದಿಗೆ ನಮ್ಮ ಮನೆಗಳಲ್ಲಿ ಸಿಗಬೇಕಾದಷ್ಟು ಮನ್ನಣೆ ಸಿಗಲಿಲ್ಲ.

ಇಷ್ಟನ್ನೂ ಒಪ್ಪಿ ಮುಂದಿನ ಮಾತಿಗೆ ಬರೋಣ. ಇರಾನ್ ತಂಡವನ್ನು ಸೋಲಿಸಿದ ಬಾಲಕರು ಅದೇ ಅರ್ಹತಾ ಸುತ್ತಿನಲ್ಲಿ ಲೆಬನಾನ್ ತಂಡಕ್ಕೆ 0-2ರಿಂದ ಸೋತಿದ್ದರು. ಹದಿನಾರರ ಹುಡುಗರ ಆಟವೇ ಹಾಗೆ. ಒಂದು ದಿನ ಮುಗಿಲು, ಮರುದಿನ ನೆಲ. ಒಂದು ಪಂದ್ಯದ ಗೆಲುವನ್ನು ಭವಿಷ್ಯದ ಪ್ರಮಾಣಪತ್ರವೆಂದು ಓದುವುದು ಆ ಮಕ್ಕಳಿಗೆ ನಾವು ಹೊರಿಸುವ ಭಾರ.

2017 ಮತ್ತು 2018ರ ಪಾಠ

ಎಂಟು ವರ್ಷಗಳ ಹಿಂದೆ ಇದೇ ಉತ್ಸಾಹ ದೇಶದ ತುಂಬ ಇತ್ತು. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆಯಿತು. ಅಮೆರಿಕ, ಕೊಲಂಬಿಯಾ ಹಾಗೂ ಘಾನಾ ಎದುರು ನಮ್ಮವರು ಸೋತರೂ, ಅಕ್ಟೋಬರ್ 9ರಂದು ಕೊಲಂಬಿಯಾ ವಿರುದ್ಧ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಒದ್ದ ಕಾರ್ನರ್‌ಗೆ ತಲೆಯೊಡ್ಡಿ ಮಣಿಪುರದ ಜೀಕ್ಸನ್ ಸಿಂಗ್ ಗೋಲು ಹೊಡೆದಾಗ, ಫಿಫಾ ವಿಶ್ವಕಪ್ ಪಂದ್ಯಾವಳಿಯೊಂದರಲ್ಲಿ ಭಾರತದ ಮೊದಲ ಗೋಲು ದಾಖಲಾಯಿತು. ಮರುವರ್ಷ ಮಲೇಷ್ಯಾದಲ್ಲಿ 16 ವರ್ಷದೊಳಗಿನವರ ತಂಡ ಏಷ್ಯಾ ಚಾಂಪಿಯನ್‌ಷಿಪ್‌ನ ಕ್ವಾರ್ಟರ್ ಫೈನಲ್ ತಲುಪಿ ದಕ್ಷಿಣ ಕೊರಿಯಾಕ್ಕೆ 0-1ರಿಂದ ಸೋತಿತು. ಅದೊಂದು ಪಂದ್ಯ ಗೆದ್ದಿದ್ದರೆ, ಆತಿಥ್ಯದ ಹಂಗಿಲ್ಲದೆ ಸ್ವಂತ ಬಲದಿಂದ ವಿಶ್ವಕಪ್‌ಗೆ ಹೋಗುತ್ತಿತ್ತು. ಆ ತಂಡದ ತರಬೇತುದಾರ ಗೋವಾದ ಬಿಬಿಯಾನೊ ಫರ್ನಾಂಡಿಸ್. ಈಗ ಇರಾನ್ ತಂಡವನ್ನು ಸೋಲಿಸಿದ ಬಾಲಕರ ತರಬೇತುದಾರರೂ ಅವರೇ.

ಆ ಹುಡುಗರು ಏನಾದರು? ಎಲ್ಲರೂ ಕಳೆದುಹೋದರು ಎಂಬುದು ಸುಳ್ಳು. ಜೀಕ್ಸನ್, ಸುರೇಶ್ ಸಿಂಗ್ ವಾಂಗ್‌ಜಮ್, ಅನ್ವರ್ ಅಲಿ, ಅಪುಯಾ, ರಹೀಂ ಅಲಿ ಮೊದಲಾದವರು ಹಿರಿಯರ ತಂಡ ಸೇರಿದರು. 2025ರ ಅಕ್ಟೋಬರ್ 9ರಂದು ಸಿಂಗಪುರದಲ್ಲಿ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು 1-1ರ ಸಮಬಲ ತಂದುಕೊಟ್ಟವರು ರಹೀಂ ಅಲಿ. ಅಂದರೆ 2017ರ ‘ನಾಳಿನ ಭರವಸೆ’ ಇಂದು ಇಪ್ಪತ್ತೈದರ ಆಸುಪಾಸಿನಲ್ಲಿದೆ, ರಾಷ್ಟ್ರೀಯ ತಂಡದಲ್ಲೇ ಇದೆ, ಆದರೂ ತಂಡ 142ನೇ ಸ್ಥಾನಕ್ಕೆ ಜಾರಿತು. ಪ್ರತಿಭಾವಂತ ಬಾಲಕರು ಬೆಳೆದು ದೊಡ್ಡವರಾದ ಮಾತ್ರಕ್ಕೆ ತಂಡ ಬೆಳೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಹದಿನೇಳರಿಂದ ಇಪ್ಪತ್ತೊಂದರವರೆಗಿನ ಕಂದಕ

ಕೃಷ್ಣಗಿರಿಯ ಮಾವಿನ ತೋಟಗಳನ್ನು ಬಲ್ಲ ನಮ್ಮವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹೂವು ಮರದ ತುಂಬ ಬಿಡುತ್ತದೆ. ಹೂವು ಪಿಂದೆಯಾಗುವಾಗ, ಪಿಂದೆ ಕಾಯಿಯಾಗುವಾಗ ಉದುರುವುದೇ ಹೆಚ್ಚು. ಬಂದ ಹೂವಿನ ಲೆಕ್ಕ ಹಿಡಿದು ಯಾವ ರೈತನೂ ಹಣ್ಣಿನ ಬೆಲೆ ಕಟ್ಟುವುದಿಲ್ಲ. ಭಾರತದ ಫುಟ್‌ಬಾಲ್‌ನಲ್ಲಿ ಈ ಉದುರುವಿಕೆ ನಡೆಯುವುದು ಹದಿನೇಳರಿಂದ ಇಪ್ಪತ್ತೊಂದರ ನಡುವೆ.

ಹದಿನೇಳರವರೆಗೆ ಬಾಲಕನಿಗೆ ಶಾಲಾ ಪಂದ್ಯಾವಳಿಗಳಿವೆ, ಅಕಾಡೆಮಿ ಇದೆ, ವಯೋಮಿತಿಯ ರಾಷ್ಟ್ರೀಯ ಶಿಬಿರವಿದೆ. ಅಲ್ಲಿಂದಾಚೆ ಅವನಿಗೆ ಬೇಕಾದದ್ದು ಒಂದೇ: ತನಗಿಂತ ಬಲಿಷ್ಠರಾದ ವಯಸ್ಕರೆದುರು ವಾರವಾರವೂ ಪೂರ್ಣ ಪಂದ್ಯ ಆಡುವ ಅವಕಾಶ. ಅಲ್ಲಿಯೇ ಏಣಿಯ ಮೆಟ್ಟಿಲು ಮುರಿದಿದೆ. ಸೂಪರ್ ಲೀಗ್‌ನ ಕ್ಲಬ್‌ಗಳು ಗೋಲು ಹೊಡೆಯುವ ಸ್ಥಾನಕ್ಕೆ ಬಹುಪಾಲು ವಿದೇಶಿ ಆಟಗಾರರನ್ನೇ ನೆಚ್ಚುತ್ತವೆ. ಗೆಲುವು ಬೇಕಾದ ಕ್ಲಬ್ಬಿಗೆ ಅದು ಸಹಜ ಲೆಕ್ಕಾಚಾರ. ಆದರೆ ಅದರ ಬೆಲೆ ತೆರುವುದು ರಾಷ್ಟ್ರೀಯ ತಂಡ. ಹತ್ತೊಂಬತ್ತರ ಮುನ್ಪಡೆ ಆಟಗಾರ ಬೆಂಚಿನ ಮೇಲೆ ಕುಳಿತೇ ಎರಡು ವರ್ಷ ಕಳೆದರೆ, ಕಾಲಿನ ಚುರುಕೂ ಮನಸ್ಸಿನ ಧೈರ್ಯವೂ ಮಂಕಾಗುತ್ತವೆ.

ಈ ಕಂದಕಕ್ಕೆ ಒಂದು ಸೇತುವೆ ಇತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಆರಂಭಿಸಿದ ಯುವಕರ ತಂಡ ಮುಂದೆ ಇಂಡಿಯನ್ ಆರೋಸ್ ಎಂದು ಹೆಸರಾಯಿತು. 2013ರಲ್ಲಿ ನಿಂತುಹೋಗಿದ್ದ ಅದನ್ನು 2017ರ ವಿಶ್ವಕಪ್‌ನ ಬಾಲಕರಿಗಾಗಿ ಮತ್ತೆ ಕಟ್ಟಿ ಐ-ಲೀಗ್‌ನಲ್ಲಿ ಆಡಿಸಲಾಯಿತು. ಸೋತರೂ ಗೆದ್ದರೂ ಆ ಹುಡುಗರು ವಯಸ್ಕರೆದುರು ಪಂದ್ಯ ಆಡುತ್ತಿದ್ದರು. 2022ರಲ್ಲಿ ಆ ತಂಡವನ್ನು ಮುಚ್ಚಲಾಯಿತು. ಕ್ಲಬ್‌ಗಳ ಕಿರಿಯರ ತಂಡಗಳಿಗಾಗಿ ಡೆವಲಪ್‌ಮೆಂಟ್ ಲೀಗ್ ನಡೆಯುತ್ತಿದೆ. ಅದು ಒಳ್ಳೆಯ ಪ್ರಯತ್ನವೇ. ಆದರೆ ಅಲ್ಲಿ ಎದುರಾಳಿಗಳೂ ಸಮವಯಸ್ಕರೇ. ವಯಸ್ಕರ ಪೂರ್ಣ ಋತುವಿನ ಜಾಗವನ್ನು ಅದು ತುಂಬಲಾರದು.

ಇದಕ್ಕೆ ಮೇಲಾಗಿ 2025ರಲ್ಲಿ ಲೀಗ್‌ನ ಬುಡವೇ ಅಲುಗಿತು. ಫೆಡರೇಷನ್ ಹಾಗೂ ಲೀಗ್ ನಡೆಸುತ್ತಿದ್ದ ವಾಣಿಜ್ಯ ಸಂಸ್ಥೆಯ ನಡುವೆ 2010ರಲ್ಲಿ ಆಗಿದ್ದ ಹದಿನೈದು ವರ್ಷಗಳ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಿತು. ಹೊಸ ಪಾಲುದಾರರಿಗಾಗಿ ಕರೆದ ಟೆಂಡರ್‌ಗೆ ಒಂದೂ ಬಿಡ್ ಬರಲಿಲ್ಲ. ಶರತ್ಕಾಲದಲ್ಲೇ ಆರಂಭವಾಗಬೇಕಿದ್ದ ಋತು ಆ ವರ್ಷಾಂತ್ಯವಾದರೂ ತೆರೆದಿರಲಿಲ್ಲ. ಮನೆಯ ಯಜಮಾನನಿಗೇ ಸಂಬಳದ ಖಾತ್ರಿಯಿಲ್ಲದಿರುವಾಗ ಮಕ್ಕಳ ಶುಲ್ಕ ಕಟ್ಟುವವರು ಯಾರು? ಕ್ಲಬ್ಬಿಗೆ ಹಣದ ಮುಗ್ಗಟ್ಟು ಬಂದಾಗ ಮೊದಲು ಕತ್ತರಿ ಬೀಳುವುದು ಕಿರಿಯರ ತಂಡಗಳ ಖರ್ಚಿಗೆ.

ಉಜ್ಬೇಕಿಸ್ತಾನ ಮಾಡಿದ್ದೇನು

2024ರ ಏಷ್ಯಾ ಕಪ್‌ನಲ್ಲಿ ನಮ್ಮನ್ನು 3-0ಯಿಂದ ಸೋಲಿಸಿದ ಉಜ್ಬೇಕಿಸ್ತಾನವನ್ನು ನೋಡೋಣ. ಅದರ ಜನಸಂಖ್ಯೆ ಕರ್ನಾಟಕದ್ದಕ್ಕಿಂತಲೂ ಬಹಳ ಕಡಿಮೆ. ವಿಶ್ವಕಪ್‌ನ ಹೊಸ್ತಿಲವರೆಗೆ ಹೋಗಿ ಹಲವು ಬಾರಿ ಜಾರಿದ ದೇಶ ಅದು. 2018ರಲ್ಲಿ ಅದು 23 ವರ್ಷದೊಳಗಿನವರ ಏಷ್ಯಾ ಪ್ರಶಸ್ತಿ ಗೆದ್ದಿತು. 2023ರಲ್ಲಿ 20 ವರ್ಷದೊಳಗಿನವರದು. 2025ರಲ್ಲಿ 17 ವರ್ಷದೊಳಗಿನವರದು. ನಡುವೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಆಡಿತು. 2025ರ ಜೂನ್‌ನಲ್ಲಿ ಮೊದಲ ಬಾರಿಗೆ ಹಿರಿಯರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಕಿರಿಯರ ಗೆಲುವು ಹಿರಿಯರ ಗೆಲುವಾಗಿ ಮಾಗಿದ ಬಗೆ ಇದು.

ಅಲ್ಲಿ ನಡೆದದ್ದರಲ್ಲಿ ಒಂದು ಸಂಗತಿ ನಮಗೆ ಮುಖ್ಯ. ನಾವು ಆರೋಸ್ ತಂಡವನ್ನು ಮುಚ್ಚುವುದಕ್ಕೆ ಒಂದು ವರ್ಷ ಮೊದಲು, 2021ರಲ್ಲಿ, ಅವರು ತಮ್ಮ ಯುವ ಆಟಗಾರರಿಗಾಗಿಯೇ ಒಲಿಂಪಿಕ್ ತಾಷ್ಕೆಂಟ್ ಎಂಬ ತಂಡ ಕಟ್ಟಿ ದೇಶದ ಲೀಗ್‌ನಲ್ಲಿ ವಯಸ್ಕರೆದುರು ಆಡಿಸಿದರು. ಆ ಪೀಳಿಗೆಯ ಅಬ್ದುಕೊದಿರ್ ಖುಸಾನೊವ್ ಹೊರದೇಶದ ಲೀಗ್‌ಗಳಲ್ಲಿ ಆಡಿ ಪಳಗಿ, 2025ರ ಜನವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಸೇರಿದರು.

ಮತ್ತೊಂದು ಉದಾಹರಣೆಯೂ ಇದೆ. ಭಾರತ ಢಾಕಾದಲ್ಲಿ ಸೋತ ನವೆಂಬರ್ 18ರಂದೇ ಕೆರಿಬಿಯನ್ ಸಮುದ್ರದ ಕುರಸಾವ್ ಎಂಬ ಪುಟ್ಟ ದ್ವೀಪ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಅದರ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ನಮ್ಮ ಹೊಸೂರು ನಗರದಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಅದರ ಆಟಗಾರರಲ್ಲಿ ಬಹುತೇಕರು ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ, ಅಲ್ಲಿನ ಅಕಾಡೆಮಿಗಳಲ್ಲಿ ಪಳಗಿದವರು. ದ್ವೀಪಕ್ಕೆ ಸ್ವಂತ ಏಣಿ ಇರಲಿಲ್ಲ. ಬೇರೊಂದು ದೇಶದ ಏಣಿಯ ಬಲದಿಂದ ಮೇಲೇರಿತು. ನಮ್ಮ ಕಾನೂನು ಎರಡು ದೇಶಗಳ ಪೌರತ್ವವನ್ನು ಒಪ್ಪದಿರುವುದರಿಂದ ಆ ದಾರಿ ನಮಗೆ ಕಿರಿದು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು 2025ರಲ್ಲಿ ಭಾರತೀಯರಾದದ್ದು ಸ್ವಾಗತಾರ್ಹ. ಆದರೆ ಒಬ್ಬಿಬ್ಬರಿಂದ ಇಡೀ ತಂಡ ನಿಲ್ಲದು. ನಮ್ಮ ಏಣಿಯನ್ನು ನಾವೇ ಕಟ್ಟಿಕೊಳ್ಳಬೇಕು.

ಗಡಿಯ ಮಕ್ಕಳಿಗೆ ಈ ಏಣಿ ಎಷ್ಟು ದೂರ?

2017ರ ವಿಶ್ವಕಪ್‌ನಲ್ಲಿ ಭಾರತ ತಂಡದಲ್ಲಿದ್ದ 21 ಬಾಲಕರ ಪೈಕಿ ಎಂಟು ಮಂದಿ ಮಣಿಪುರದವರು. 2011ರ ಜನಗಣತಿಯ ಪ್ರಕಾರ ಆ ಇಡೀ ರಾಜ್ಯದ ಜನಸಂಖ್ಯೆ ಸುಮಾರು 28 ಲಕ್ಷ. ನಮ್ಮ ಕೃಷ್ಣಗಿರಿ ಜಿಲ್ಲೆಯೊಂದರದೇ ಸುಮಾರು 19 ಲಕ್ಷ. ಮಣಿಪುರಿ, ಮಿಜೊ, ಕೊಂಕಣಿ ಮಾತನಾಡುವ ಮನೆಗಳಿಂದ ಬಂದವರು ರಾಷ್ಟ್ರೀಯ ತಂಡದಲ್ಲಿ ಜೊತೆಯಾಗಿ ಆಡುತ್ತಾರೆ. ಆದ್ದರಿಂದ ಮನೆಮಾತು ಕನ್ನಡವಾದ ಕಾರಣಕ್ಕೆ, ಅಥವಾ ಜಿಲ್ಲೆ ಚಿಕ್ಕದಾದ ಕಾರಣಕ್ಕೆ ನಮ್ಮ ಮಕ್ಕಳಿಗೆ ಈ ಆಟ ನಿಲುಕದು ಎನ್ನುವುದು ತಪ್ಪು. ಮಣಿಪುರದಲ್ಲಿ ಇರುವುದು ಊರೂರಿನ ಮೈದಾನ ಮತ್ತು ಕ್ಲಬ್‌ಗಳ ಪರಂಪರೆ. ನಮ್ಮಲ್ಲಿ ಕೊರತೆಯಿರುವುದು ಅದರದೇ. ಹತ್ತನೇ ತರಗತಿಯ ಪರೀಕ್ಷೆ ಹತ್ತಿರವಾದಂತೆ ಆಟದ ಪಿರಿಯಡ್ ಗಣಿತಕ್ಕೋ ತಮಿಳಿಗೋ ಸಲ್ಲುವುದು ನಮ್ಮ ಪೋಷಕರಿಗೆ ಹೊಸ ಸಂಗತಿಯಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ವಿಶೇಷ ತೊಡಕೂ ಇದೆ. ಹೊಸೂರಿನಿಂದ ಬೆಂಗಳೂರು ನಲವತ್ತು ಕಿಲೋಮೀಟರ್, ಚೆನ್ನೈ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಕ್ಲಬ್‌ಗಳು, ಅಕಾಡೆಮಿಗಳು ಹತ್ತಿರವಿರುವುದು ಬೆಂಗಳೂರಿನಲ್ಲಿ. ಆದರೆ ಶಾಲಾ ಕ್ರೀಡೆಯಲ್ಲಿ ಮಗು ಪ್ರತಿನಿಧಿಸುವುದು ತಾನು ಓದುವ ಶಾಲೆಯ ರಾಜ್ಯವನ್ನು, ಅಂದರೆ ತಮಿಳುನಾಡನ್ನು. ತಮಿಳುನಾಡು ಕ್ರೀಡಾ ಅಭಿವೃದ್ಧಿ ಪ್ರಾಧಿಕಾರದ ಕ್ರೀಡಾ ವಸತಿ ನಿಲಯಗಳಲ್ಲಿ ಆಯ್ಕೆಯಾದ ವಿದ್ಯಾರ್ಥಿಗಳಿಗೆ ಊಟ, ವಸತಿ, ತರಬೇತಿ ದೊರೆಯುತ್ತವೆ. ಇದು ಬಡ ಕುಟುಂಬಗಳಿಗೆ ದೊಡ್ಡ ಆಸರೆ. ಆದರೆ ಆ ನಿಲಯಗಳಿರುವ ದೂರದ ಊರುಗಳ ಶಾಲೆಗಳಲ್ಲಿ ಕನ್ನಡ ಮಾಧ್ಯಮವಿಲ್ಲ. ಏಳನೆಯ ಅಥವಾ ಎಂಟನೆಯ ತರಗತಿಯವರೆಗೆ ವಿಜ್ಞಾನ, ಸಮಾಜಗಳನ್ನು ಕನ್ನಡದಲ್ಲಿ ಓದಿದ ಮಗು ಒಮ್ಮೆಲೇ ತಮಿಳಿಗೋ ಇಂಗ್ಲಿಷಿಗೋ ಹೊರಳಬೇಕು. ಆಟಕ್ಕಾಗಿ ಓದಿನ ಭಾಷೆಯನ್ನೇ ಬಿಟ್ಟುಕೊಡುವ ಈ ಆಯ್ಕೆ ಬೇರೆ ಮಕ್ಕಳ ಮುಂದೆ ಬರುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ಮಾತನಾಡುವಾಗ ಪಠ್ಯಪುಸ್ತಕ ಹಾಗೂ ಶಿಕ್ಷಕರ ನೇಮಕಾತಿಯ ಜೊತೆಗೆ ಇದನ್ನೂ ಪ್ರಸ್ತಾಪಿಸಬೇಕೆಂಬುದು ನಮ್ಮ ಅಭಿಪ್ರಾಯ. ಹೊಸೂರು ಭಾಗದಲ್ಲೇ ದಿನವೂ ಮನೆಯಿಂದ ಹೋಗಿಬರಬಹುದಾದ ಉತ್ತಮ ತರಬೇತಿ ಕೇಂದ್ರವಿದ್ದರೆ ಮಗು ಎರಡರಲ್ಲಿ ಒಂದನ್ನು ಬಿಡಬೇಕಾಗುವುದಿಲ್ಲ.

ಪೋಷಕರಿಗೆ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ಮೊದಲನೆಯದು ದಾಖಲೆ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ, ಈ ಮೂರರಲ್ಲೂ ಹೆಸರು ಮತ್ತು ಜನ್ಮದಿನಾಂಕ ಒಂದೇ ಆಗಿರಲಿ. ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು, ಇಂಗ್ಲಿಷಿನಲ್ಲಿ ಮತ್ತೊಂದು ಕಾಗುಣಿತ ಇರುವುದು ನಮ್ಮ ಗಡಿಭಾಗದಲ್ಲಿ ಸಾಮಾನ್ಯ. ಆಯ್ಕೆಯ ದಿನ ಅದೇ ಅಡ್ಡಿಯಾಗಬಹುದು. ಬಾಲಕರ ವಿಶ್ವಕಪ್‌ನಂಥ ಪಂದ್ಯಾವಳಿಗಳಲ್ಲಿ ಮಣಿಕಟ್ಟಿನ ಎಂಆರ್‌ಐ ಮೂಲಕ ವಯಸ್ಸನ್ನು ಪರೀಕ್ಷಿಸುತ್ತಾರೆ. ಆದ್ದರಿಂದ ವಯಸ್ಸು ಕಡಿಮೆ ಮಾಡಿ ಬರೆಸುವ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬೇಡಿ.

ಎರಡನೆಯದು ಅಕಾಡೆಮಿಯ ಆಯ್ಕೆ. ಹೊಳೆಯುವ ಜೆರ್ಸಿ, ವಿದೇಶಿ ಕ್ಲಬ್ಬಿನ ಹೆಸರು, ದುಬಾರಿ ಶುಲ್ಕ ಇವು ಗುಣಮಟ್ಟದ ಗುರುತುಗಳಲ್ಲ. ತರಬೇತುದಾರರಿಗೆ ಫೆಡರೇಷನ್ನಿನ ಲೈಸೆನ್ಸ್ ಇದೆಯೇ, ಅಕಾಡೆಮಿಗೆ ಅದರ ಮಾನ್ಯತೆ ಇದೆಯೇ, ವರ್ಷದಲ್ಲಿ ಎಷ್ಟು ಅಧಿಕೃತ ಪಂದ್ಯ ಆಡಿಸುತ್ತಾರೆ ಎಂದು ಕೇಳಿ. ಮೂರನೆಯದು ಶಾಲೆ. 1960ರಿಂದ ನಡೆದುಬಂದಿರುವ ಸುಬ್ರತೊ ಕಪ್ ಶಾಲಾ ತಂಡಗಳಿಗಾಗಿಯೇ ಇರುವ ರಾಷ್ಟ್ರೀಯ ಪಂದ್ಯಾವಳಿ. 15 ವರ್ಷದೊಳಗಿನ ಬಾಲಕರಿಗೆ, 17 ವರ್ಷದೊಳಗಿನ ಬಾಲಕ ಬಾಲಕಿಯರಿಗೆ ಅದರಲ್ಲಿ ವಿಭಾಗಗಳಿವೆ. ನಮ್ಮ ಶಾಲೆ ಈ ಹಾದಿಯ ಮೊದಲ ಸುತ್ತಿಗಾದರೂ ಹೆಸರು ನೀಡಿದೆಯೇ ಎಂದು ಪೋಷಕರ ಸಭೆಯಲ್ಲಿ ಕೇಳುವುದಕ್ಕೆ ಖರ್ಚಿಲ್ಲ.

ನಾಲ್ಕನೆಯದು, ಹೆಣ್ಣುಮಕ್ಕಳನ್ನು ಮರೆಯಬೇಡಿ. ತಮಿಳುನಾಡು ಹಿರಿಯ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅನ್ನು 2018ರಲ್ಲೂ 2023ರಲ್ಲೂ ಗೆದ್ದ ರಾಜ್ಯ. ಕಡಲೂರಿನ ಇಂದುಮತಿ ಕದಿರೇಶನ್ ಭಾರತ ತಂಡದಲ್ಲಿ ಆಡುತ್ತಲೇ ರಾಜ್ಯ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆದವರು. ಏಷ್ಯಾ ಮಟ್ಟದಲ್ಲಿ ಬಾಲಕರಿಗಿಂತ ನಮ್ಮ ಬಾಲಕಿಯರೇ ಗುರಿಗೆ ಹತ್ತಿರವಿದ್ದಾರೆ. ಕೊನೆಯದಾಗಿ, ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಯ ಓದನ್ನು ಯಾವ ಕಾರಣಕ್ಕೂ ಬಿಡಿಸಬೇಡಿ. ದೇಶದ ಅಗ್ರ ಲೀಗ್ ಯಾವಾಗ ಆರಂಭವಾಗುತ್ತದೆಂದು 2025ರ ಕೊನೆಯಲ್ಲಿ ಅಲ್ಲಿನ ವೃತ್ತಿಪರರಿಗೇ ತಿಳಿದಿರಲಿಲ್ಲ.

ನಮ್ಮ ನಿಲುವು

ಕಿರಿಯರ ಪ್ರತಿಭೆಯಲ್ಲಿ ಭರವಸೆ ಇದೆಯೇ ಎಂದರೆ, ಇದೆ. ಆದರೆ ಆ ಭರವಸೆ ಮಕ್ಕಳ ಕಾಲುಗಳಲ್ಲಿ ಇರುವಷ್ಟು ದೊಡ್ಡವರ ವ್ಯವಸ್ಥೆಯಲ್ಲಿ ಇಲ್ಲ. ಸೌದಿ ಅರೇಬಿಯಾದಲ್ಲಿ ನಮ್ಮ ಬಾಲಕರು ಕ್ವಾರ್ಟರ್ ಫೈನಲ್ ತಲುಪಿದರೆ ತಮ್ಮ ವಯೋಮಿತಿಯ ವಿಶ್ವಕಪ್‌ಗೆ ಹೋಗುತ್ತಾರೆ. ಹೋದರೆ ದೇಶವೇ ಸಂಭ್ರಮಿಸುತ್ತದೆ, ಸಂಭ್ರಮಿಸಲಿ. ಹೋಗದಿದ್ದರೆ ಆ ಮಕ್ಕಳನ್ನು ಹಳಿಯುವುದು ಬೇಡ.

ನಿಜವಾದ ಪರೀಕ್ಷೆ ಅದಲ್ಲ. ಮೂರು ಸಂಗತಿಗಳ ಮೇಲೆ ಕಣ್ಣಿಡೋಣ. ಲೀಗ್ ಸ್ಥಿರ ನೆಲೆ ಕಂಡು ಪೂರ್ಣಾವಧಿಯ ಋತು ಮರಳುವುದೇ? ಹದಿನೇಳು ದಾಟಿದವರಿಗಾಗಿ ಆರೋಸ್‌ನಂಥ ತಂಡವೋ, ಯುವಕರನ್ನು ಆಡಿಸಲೇಬೇಕೆಂಬ ನಿಯಮವೋ ಬರುವುದೇ? ಇಂದು ಇರಾನ್ ತಂಡವನ್ನು ಸೋಲಿಸಿದ ಹುಡುಗರು 2028ರ ಹೊತ್ತಿಗೆ ತಮ್ಮ ಕ್ಲಬ್‌ಗಳಲ್ಲಿ ಬೆಂಚಿನ ಮೇಲೆ ಇರುತ್ತಾರೆಯೇ, ಮೈದಾನದಲ್ಲಿ ಇರುತ್ತಾರೆಯೇ? ಈ ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕರೆ 142ನೇ ಸ್ಥಾನ ಹಳೆಯ ಮಾತಾಗುತ್ತದೆ. ಸಿಗದಿದ್ದರೆ, ಇನ್ನೆಂಟು ವರ್ಷಗಳ ನಂತರ ಮತ್ತೊಂದು ಬಾಲಕರ ತಂಡದ ಗೆಲುವಿನ ಮರುದಿನ ನಾವು ಇದೇ ಪ್ರಶ್ನೆಯನ್ನು ಕೇಳುತ್ತಿರುತ್ತೇವೆ.

ಅಲ್ಲಿಯವರೆಗೆ ನಮ್ಮ ಊರುಗಳಲ್ಲಿ ಮಾಡಬಹುದಾದ ಕೆಲಸ ಚಿಕ್ಕದು, ಆದರೆ ನಮ್ಮ ಕೈಯಲ್ಲೇ ಇರುವಂಥದು: ಶಾಲೆಯ ಮೈದಾನ ಉಳಿಸುವುದು, ಆಟದ ಪಿರಿಯಡ್ಡನ್ನು ಆಟಕ್ಕೇ ಬಿಡುವುದು, ವರ್ಷಕ್ಕೊಮ್ಮೆಯಾದರೂ ನಮ್ಮ ಕನ್ನಡ ಶಾಲೆಗಳ ತಂಡಗಳು ಒಂದೆಡೆ ಸೇರಿ ಆಡುವಂತೆ ಮಾಡುವುದು. ಅದರಿಂದ ಒಬ್ಬ ಛೆಟ್ರಿ ಬರುವನೋ ಇಲ್ಲವೋ ಹೇಳಲಾಗದು. ಬೆವರಿ ಮನೆಗೆ ಬಂದು ಹಸಿವಿನಿಂದ ಉಣ್ಣುವ, ಸೋತರೂ ಮರುದಿನ ಮೈದಾನಕ್ಕೆ ಹೋಗುವ ಮಕ್ಕಳು ಖಂಡಿತ ಬರುತ್ತಾರೆ.